ಕಾಗದ ಸುಟ್ಟ ವಾಸನೆ

ಇವತ್ತು ಬೆಳಿಗ್ಗೆ ದೀಪ ಹಚ್ಚುವಾಗ ಹತ್ತಿಯ ಬತ್ತಿಯಿಂದ ಕಿಡಿಯೊಂದು ಪಕ್ಕದಲ್ಲಿದ್ದ ಕಾಗದದ ಮೇಲೆ ಬಿತ್ತು. ತಟ್ಟಿ ಆರಿಸಿದೆ, ವಾಸನೆ ಮಾತ್ರ ಉಳಿಯಿತು. ಆ ವಾಸನೆ ಬಂದರೆ ಸಾಕು, ನನ್ನ ಮೂಗು ಬೀರುವಿನ ಕಡೆ ತಿರುಗುತ್ತದೆ. ನಗಬೇಡಿ, ಅಲ್ಲಿ ನನ್ನ ಧಾರೆ ಸೀರೆಯಿದೆ.

ನಾನು ಚಿಕ್ಕಬಳ್ಳಾಪುರದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ಸೆಲ್ಯುಲೋಸ್ ಪಾಠ ಬಂದಾಗ ಮಕ್ಕಳಿಗೆ ಹೇಳುತ್ತೇನೆ: ಗಿಡಮರಗಳು ಸಕ್ಕರೆಯ ಕಣಗಳನ್ನೇ ಉದ್ದಕ್ಕೆ ಪೋಣಿಸಿ ನಾರು ಮಾಡಿಕೊಂಡು ಅದರ ಬಲದ ಮೇಲೆ ನಿಂತಿವೆ. ಹತ್ತಿಯಲ್ಲಿರುವುದು ಅದೇ, ಕಾಗದದಲ್ಲಿರುವುದೂ ಅದೇ. ಮರದ ತಿರುಳನ್ನು ಕರಗಿಸಿ ಎಳೆ ತೆಗೆದರೆ ಥಳಥಳಿಸುವ ಕೃತಕ ರೇಷ್ಮೆಯೂ ಅದೇ. ಹಸುವಿಗೆ ಊಟ, ನಮಗೆ ಮಾತ್ರ ಜೀರ್ಣವಾಗುವುದಿಲ್ಲ. ಹೀಗೆ ಹೇಳುವಾಗಲೆಲ್ಲ ನನಗೆ ಆ ಸೀರೆ ನೆನಪಾಗುತ್ತದೆ.

ಈ ವಾಸನೆಯ ಪಾಠ ಕಲಿಸಿದವಳು ಶಿಡ್ಲಘಟ್ಟದ ದೊಡ್ಡಮ್ಮ, ನನ್ನ ಅಮ್ಮನ ಅಕ್ಕ. ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಮನೆಯ ಸೊಸೆ. ಯಾರನ್ನೂ ನಂಬುವವಳಲ್ಲ. ಬಸ್ಸು ಹತ್ತಿ ಕೂತ ಮೇಲೂ ಅಕ್ಕಪಕ್ಕದವರನ್ನೆಲ್ಲ "ಇದು ದಿಬ್ಬೂರಹಳ್ಳೀಗೇ ಹೋಗುತ್ತೇನಪ್ಪ?" ಎಂದು ವಿಚಾರಿಸುವಳು. ಮದುವೆ ಮನೆಗಳಲ್ಲಂತೂ ಸೀರೆಯ ಸೆರಗಿನ ತುದಿಯಿಂದ ಎಳೆಯೊಂದನ್ನು ಕಿತ್ತು, ಹಿತ್ತಲಿಗೆ ಹೋಗಿ ಕಡ್ಡಿ ಗೀರುವಳು. ಕೂದಲು ಸುಟ್ಟಂತೆ ನಾರಿದರೆ ರೇಷ್ಮೆ. ಕಾಗದ ಸುಟ್ಟಂತಾದರೆ ಮುಗಿಯಿತು: "ಇದು ಹುಳದ ಬಾಯಿಂದ ಬಂದಿದ್ದಲ್ಲ ಕಣೇ, ಮರ ಅರೆದು ಮಾಡಿದ್ದು!" ಅವಳ ಈ ಮಾತಿನಿಂದ ಮಂಡಿಕಲ್ ಕಡೆಯ ಸಂಬಂಧವೊಂದು ಮುರಿದೇ ಬಿದ್ದಿತ್ತು.

ನನ್ನ ಮದುವೆಗೆ ಗೌರಿಬಿದನೂರಿನಿಂದ ಅತ್ತೆ ಧಾರೆ ಸೀರೆ ತಂದರು. ದೊಡ್ಡಮ್ಮ ಹಿತ್ತಲಿಗೆ ಹೋದಳು, ಹಿಂದೆಯೇ ನಾನೂ ಹೋದೆ. ಎಳೆ ಭಗ್ಗನೆ ಉರಿದು ಬೂದಿಯಾಯಿತು. ಕಾಗದದ ವಾಸನೆ! ಹುಡುಗನೋ ನನಗೆ ಬಹಳ ಇಷ್ಟವಾಗಿದ್ದ. ದೊಡ್ಡಮ್ಮ ಬೂದಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು, ನನ್ನ ಮುಖ ನೋಡಿದಳು. ಒಳಗೆ ಹೋಗಿ ಎಲ್ಲರೆದುರು, "ಒಳ್ಳೆ ರೇಷ್ಮೆ" ಎಂದುಬಿಟ್ಟಳು. ಯಾಕೆ ಹಾಗಂದೆ ಎಂದು ಆಮೇಲೆ ಕೇಳಿದರೆ, "ಸುಮ್ನಿರೇ" ಅಂದಳು.

ಅವಳು ಬಿಟ್ಟ ಅನುಮಾನ ನನಗೆ ಅಂಟಿಕೊಂಡಿತು. ಅತ್ತೆ ಬೇಕೆಂದೇ ಮೋಸ ಮಾಡಿದರೇ, ಅಥವಾ ಅಂಗಡಿಯವನು ಅವರಿಗೇ ಟೋಪಿ ಹಾಕಿದನೇ? ಅದಕ್ಕಿಂತ ದೊಡ್ಡ ಅನುಮಾನವೆಂದರೆ, ಅವರು ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಸಾರು ಉಪ್ಪುಪ್ಪಾದರೂ "ಇರ್ಲಿ ಬಿಡಮ್ಮ." ಕೆಲಸಕ್ಕೆ ಹೋಗುತ್ತೇನೆಂದರೂ "ಹೋಗ್ಬಾಮ್ಮ." ಪುಣ್ಯವಂತೆ ಕಣೇ ನೀನು ಎಂದು ಗೆಳತಿಯರು ಹೇಳಿದಾಗಲೆಲ್ಲ, ಇದರ ಹಿಂದೆ ಏನೋ ಇದೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಇವತ್ತು ವಾಸನೆ ಹಿಡಿದು ಅತ್ತೆ ದೇವರ ಮನೆಯ ಬಾಗಿಲಿಗೆ ಬಂದರು. "ಏನಮ್ಮಾ, ಧಾರೆ ಸೀರೆ ಸುಟ್ಯಾ?" ಎಂದು ನಕ್ಕರು.

ಕಡ್ಡಿಪೆಟ್ಟಿಗೆ ಕೆಳಗಿಟ್ಟು ಅವರ ಕಡೆ ತಿರುಗಿದೆ. "ನಿಮ್ಗೆ ಗೊತ್ತಿತ್ತಾ ಅತ್ತೆ?"

"ನಾನೂ ಒಂದೆಳೆ ಸುಟ್ಟು ನೋಡೇ ತಂದಿದ್ದು ಕಣಮ್ಮ. ಅಷ್ಟೇ ಆಗಿದ್ದು ನಮ್ ಕೈಲಿ. ನಿಮ್ಮ ದೊಡ್ಡಮ್ಮ ಹಿತ್ಲಿಗೆ ಹೋದಾಗ, ಮಗನ ಮದುವೆ ನಿಂತೋಯ್ತು ಅನ್ಕೊಂಡೆ. ಆಯಮ್ಮ ಬಂದು ಒಳ್ಳೆ ರೇಷ್ಮೆ ಅಂದ್ಳು. ಆಮೇಲೆ ನನ್ ಕಿವಿ ಹತ್ರ ಬಗ್ಗಿ, 'ಪಿಲ್ಲನಿ ಬಾಗಾ ಚೂಸ್ಕೋ ವದಿನಾ' ಅಂದ್ಳು. ಹುಡುಗೀನ ಚೆನ್ನಾಗಿ ನೋಡ್ಕೋ ಅತ್ತಿಗೆ ಅಂತ. ಆವತ್ತಿಂದ ನಿನ್ನ ಬೈಯೋಕೆ ಬಾಯಿ ತೆಗೆದಾಗೆಲ್ಲ ಆ ಕಡ್ಡಿಪೆಟ್ಟಿಗೆ ಕಣ್ಮುಂದೆ ಬರೋದು."

"ಅಂದ್ರೆ ಇಷ್ಟು ವರ್ಷ ಹೆದರಿಕೇಗಾ ಅತ್ತೆ?"

"ಮೊದಮೊದ್ಲು ಹೆದರಿಕೇಗೇ," ಅಂದರು. "ಆಮೇಲೆ ಅಭ್ಯಾಸ ಆಗೋಯ್ತು."

ದೊಡ್ಡಮ್ಮ ಈಗಿಲ್ಲ. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಬೀರು ತೆಗೆದು ಸೀರೆ ಉಟ್ಟುಕೊಂಡೆ. ಮರದ್ದಾದರೇನು, ಮೈಮೇಲೆ ತಣ್ಣಗೆ ಕೂತಿತು. ಹಳೆಯ ಚಾಳಿ ಎಲ್ಲಿ ಹೋಗುತ್ತದೆ, ಕಿಟಕಿಯ ಬೆಳಕಿಗೆ ಹಿಡಿದು ಸೆರಗಿನ ತುದಿಯನ್ನೂ ಪರೀಕ್ಷಿಸಿದೆ. ದೊಡ್ಡಮ್ಮ ಕಿತ್ತ ಎಳೆಯ ಜಾಗ ನನಗೆ ಮೊದಲೇ ಗೊತ್ತಿತ್ತು. ಅದರ ಪಕ್ಕದ ಎಳೆಯೂ ಇರಲಿಲ್ಲ.