ರತ್ನಮ್ಮ ಮತ್ತು ಇತರರು

೧೯೮೩ರಲ್ಲಿ ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಜೀವಕೋಶ ವಿಜ್ಞಾನ ವಿಭಾಗದ ಕಿರಿಯ ವಿಜ್ಞಾನಿಯಾಗಿದ್ದೆ. ರೇಷ್ಮೆಹುಳುವಿನ ರಕ್ತದ ಕೋಶಗಳು ರೋಗಾಣುಗಳನ್ನು ಹೇಗೆ ಗುರುತಿಸುತ್ತವೆ ಎಂಬುದು ನನ್ನ ವಿಷಯ. ಹುಟ್ಟೂರು ಹಿಂದೂಪುರ. ರೇಷ್ಮೆಗೂಡಿನ ಮಾರುಕಟ್ಟೆ ಅಲ್ಲೇ ಇದ್ದುದರಿಂದ ರೋಗ ತಗುಲಿದ ಹುಳುಗಳ ಮಾದರಿ ತರಲು ಆಗಾಗ ರೈಲು ಹತ್ತುತ್ತಿದ್ದೆ. ಸಂಸ್ಥೆಯ ಲೆಕ್ಕದಲ್ಲಿ ಅದು ಕ್ಷೇತ್ರ ಪ್ರವಾಸ. ಅಮ್ಮನ ಲೆಕ್ಕದಲ್ಲಿ ಮಗಳು ಮನೆಗೆ ಬಂದದ್ದು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಲ್ಯಾಣದುರ್ಗದ ಹತ್ತಿರದ ತಿಮ್ಮಪ್ಪ ಎಂಬವರ ಹುಳುಮನೆಯಲ್ಲಿ ಹುಳುಗಳು ಮೇವು ಬಿಟ್ಟವು. ಒಂದೇ ತಟ್ಟೆಯಲ್ಲಿ ಒಂದು ದಪ್ಪ, ಇನ್ನೊಂದು ಸಣಕಲು. ಇಲಾಖೆಯ ಅಧಿಕಾರಿಗಳು ಬಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಕ್ಕಿಕಾಳಿನ ಆಕಾರದ, ಹೊಳೆಯುವ ಬೀಜಾಣುಗಳು ಕಂಡವು. ರೇಷ್ಮೆ ಕಸುಬಿನವರು ಇದನ್ನು ಗಂಟು ರೋಗ ಎನ್ನುತ್ತಾರೆ. ಇದರಷ್ಟು ಭಯ ಹುಟ್ಟಿಸುವ ರೋಗ ಅವರಿಗೆ ಬೇರೆಯಿಲ್ಲ, ಏಕೆಂದರೆ ಇದು ತಾಯಿ ಚಿಟ್ಟೆಯಿಂದ ಮೊಟ್ಟೆಗೂ ಮೊಟ್ಟೆಯಿಂದ ಹುಳುವಿಗೂ ದಾಟುತ್ತದೆ. ಅದಕ್ಕಾಗಿಯೇ ಬಿತ್ತನೆ ಕೋಠಿಯಲ್ಲಿ, ಅಂದರೆ ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ, ಮೊಟ್ಟೆಯಿಟ್ಟ ಪ್ರತಿ ಚಿಟ್ಟೆಯನ್ನೂ ಅರೆದು ಪರೀಕ್ಷಿಸುತ್ತಾರೆ. ಬೀಜಾಣು ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುತ್ತಾರೆ.

ತಿಮ್ಮಪ್ಪನವರು ಮೊಟ್ಟೆ ತಂದದ್ದು ಹಿಂದೂಪುರದ ಒಂದು ಖಾಸಗಿ ಕೋಠಿಯಿಂದ. ಅಲ್ಲಿ ಚಿಟ್ಟೆ ಪರೀಕ್ಷೆ ಮಾಡುತ್ತಿದ್ದವಳು ರತ್ನಮ್ಮ. ಕಂಬದೂರು ಕಡೆಯವಳು, ಹತ್ತನೇ ತರಗತಿ ಮುಗಿಸಿ, ತರಬೇತಿ ಪಡೆದು, ಹಿಂದೂಪುರದಲ್ಲಿ ಅಕ್ಕನ ಮನೆಯಲ್ಲಿದ್ದು ಕೆಲಸಕ್ಕೆ ಹೋಗುತ್ತಿದ್ದಳು. ಇಪ್ಪತ್ತೈದು ದಾಟಿರಲಿಲ್ಲ. ರೋಗ ಬಂದಿದೆ ಎಂದರೆ ರೋಗದ ಚಿಟ್ಟೆಯನ್ನು ಅವಳು ನೋಡದೆ ಬಿಟ್ಟಿದ್ದಾಳೆ ಎಂದೇ ಅರ್ಥ. ಯಜಮಾನರು ಅವಳನ್ನು ಕೆಲಸದಿಂದ ನಿಲ್ಲಿಸಿದರು. ಅದೇ ದಿನದ ಮೊಟ್ಟೆಗಳನ್ನು ಒಯ್ದಿದ್ದ ಉಳಿದ ಮನೆಗಳ ಹುಳುಗಳನ್ನೂ ಸುಡಬೇಕೆಂಬ ಮಾತು ಬಂತು. ನಿಯಮ ಇದ್ದದ್ದೇ ಹಾಗೆ. ಅಧಿಕಾರಿಗಳದು ತಪ್ಪೆಂದು ನಾನು ಹೇಳಲಾರೆ.

ನಾನು ಮಾದರಿ ಕೇಳಲು ಕೋಠಿಗೆ ಹೋದಾಗ ಅವಳು ಹೊರಗಿನ ಜಗಲಿಯ ಮೇಲೆ ಕೂತಿದ್ದಳು. ಕೆಲಸವಿಲ್ಲದಿದ್ದರೂ ಬೆಳಿಗ್ಗೆ ಬಂದು ಕೂರುತ್ತಾಳೆ ಎಂದು ಒಳಗಿನವರು ಹೇಳಿದರು. ಅವಳ ಪಕ್ಕದಲ್ಲಿ ಕೂತು ವಿಚಾರಿಸಿದೆ.

“ನಾನು ಒಂದೊಂದೂ ನೋಡಿದ್ದೆ ಮೇಡಮ್,” ಎಂದಳು. “ಆದ್ರೆ ಎಲ್ಲಾರೂ ಅಂತಾ ಅಂತಾ, ಎಲ್ಲೋ ಒಂದು ಕಣ್ ತಪ್ಪೋಯ್ತೇನೋ ಅಂತ ಈಗ ನಂಗೇ ಅನ್ನಿಸ್ಬುಟ್ಟೈತೆ.”

ಕೆಲಸ ಹೋದದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ತಟ್ಟಿತು. ತನ್ನ ಕಣ್ಣನ್ನೇ ನಂಬದ ಸ್ಥಿತಿ ಎಂಥದ್ದೆಂದು ಪ್ರಯೋಗಾಲಯದಲ್ಲಿ ದಿನ ಕಳೆಯುವವರಿಗೆ ಗೊತ್ತಿರುತ್ತದೆ.

ಮಾರನೆಯ ದಿನ ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ, ಅಲ್ಲಿಂದ ಶೇರ್ ಜೀಪಿನಲ್ಲಿ ತಿಮ್ಮಪ್ಪನವರ ಊರಿಗೆ ಹೋದೆ. ರತ್ನಮ್ಮನನ್ನೂ ಕರೆದೊಯ್ದೆ. ತಿಮ್ಮಪ್ಪನವರು ಬೈಯುತ್ತಾರೆಂದು ಇಬ್ಬರಿಗೂ ಅಳುಕಿತ್ತು. ಅವರು ಬೈಯಲಿಲ್ಲ. ಮಜ್ಜಿಗೆ ಕೊಟ್ಟು, ಖಾಲಿ ತಟ್ಟೆಗಳನ್ನು ತೊಳೆದು ಒಣಗಿಸಿದ್ದ ಅಂಗಳದಲ್ಲಿ ಕೂರಿಸಿ, ರತ್ನಮ್ಮನ ಕಡೆ ನೋಡದೆ ನನಗೆ ಹೇಳಿದರು: “ನನ್ನ ಹುಳ ಹೋಯ್ತು, ಏಂ ಚೇಸ್ತಾಂ, ಏನ್ ಮಾಡೋದು. ಆದ್ರೆ ನಮ್ಮಿಂದಾಗಿ ಮಿಕ್ಕೋರ ಹುಳಾನೂ ಸುಡ್ತಾರಂತಲ್ಲ, ಅದು ನಿಲ್ತದಾ ನೋಡಮ್ಮ.”

ಉಳಿದಿದ್ದ ಹುಳುಗಳಿಂದ ಮಾದರಿ ತೆಗೆದುಕೊಂಡೆ. ಹಿಪ್ಪುನೇರಳೆ ತೋಟದಲ್ಲಿ ಕಂಬಳಿಹುಳುಗಳ ಕಾಟ ಜೋರಾಗಿತ್ತು; ಸೊಪ್ಪಿನ ಮೇಲೆಲ್ಲ ಅವುಗಳ ಹಿಕ್ಕೆ. ಅವನ್ನೂ ಒಂದಿಷ್ಟು ಡಬ್ಬಿಗೆ ಹಾಕಿಕೊಂಡೆ. ಹಿಂದಿರುಗುವಾಗ ಅದೇ ಮೊಟ್ಟೆ ಒಯ್ದಿದ್ದ ಬೇರೆ ಮನೆಗಳನ್ನೂ ನೋಡಿದೆವು. ಹುಳುಗಳು ಚೆನ್ನಾಗಿ ಮೇಯುತ್ತಿದ್ದವು. ನನಗೆ ಅನುಮಾನ ಹುಟ್ಟಿದ್ದು ಅಲ್ಲಿ. ರೋಗ ತಾಯಿ ಚಿಟ್ಟೆಯಿಂದ ಬಂದದ್ದೋ, ತೋಟದಿಂದ ಬಂದದ್ದೋ?

ಇದನ್ನು ತಿಳಿಯಲು ನನ್ನ ಬಳಿ ಒಂದು ದಾರಿ ಇತ್ತು. ಗಂಟು ರೋಗದ ಬೀಜಾಣುವನ್ನು ಮೊಲಕ್ಕೆ ಚುಚ್ಚಿದರೆ ಮೊಲದ ರಕ್ತದಲ್ಲಿ ಅದಕ್ಕೆ ಮಾತ್ರ ಅಂಟಿಕೊಳ್ಳುವ ಆಂಟಿಬಾಡಿ ಹುಟ್ಟುತ್ತದೆ. ಆ ಆಂಟಿಬಾಡಿಗೆ ಹೊಳೆಯುವ ಬಣ್ಣ ಕಟ್ಟಿ ಮಾದರಿಯ ಮೇಲೆ ಹಾಕಿ, ಅತಿನೇರಳೆ ಬೆಳಕಿನಲ್ಲಿ ನೋಡಿದರೆ ನಿಜವಾದ ಗಂಟು ರೋಗದ ಬೀಜಾಣು ಹಸಿರಾಗಿ ಬೆಳಗುತ್ತದೆ. ಬೇರೆ ಜಾತಿಯದಾದರೆ ಕತ್ತಲಾಗಿಯೇ ಉಳಿಯುತ್ತದೆ. ಈ ಆಂಟಿಬಾಡಿ ನನ್ನ ಪ್ರಯೋಗಾಲಯದ ಫ್ರೀಜರಿನಲ್ಲಿತ್ತು.

ರತ್ನಮ್ಮ ನನ್ನೊಂದಿಗೆ ಬೆಂಗಳೂರಿಗೆ ಬಂದಳು. ಮೊದಲು ಗಂಟು ರೋಗದ ಒಂದು ಹಳೆಯ ಮಾದರಿಯನ್ನು ತೋರಿಸಿದೆ. ಕಪ್ಪು ಹಿನ್ನೆಲೆಯಲ್ಲಿ ಹಸಿರು ಚುಕ್ಕೆಗಳು ಹೊತ್ತಿಕೊಂಡವು. ಆಮೇಲೆ ತಿಮ್ಮಪ್ಪನವರ ಮಾದರಿ. ಸಾದಾ ಬೆಳಕಿನಲ್ಲಿ ಬೀಜಾಣುಗಳು ತುಂಬಿದ್ದವು. ದೀಪ ಬದಲಿಸಿದೆ.

“ಏನೂ ಕಾಣ್ತಿಲ್ಲ ಮೇಡಮ್.”

“ಸರಿಯಾಗಿ ನೋಡಿ.”

ಬಹಳ ಹೊತ್ತು ನೋಡಿದಳು. ಗಾಜನ್ನು ಮೂಲೆಯಿಂದ ಮೂಲೆಗೆ ಸರಿಸಿ, ಕೋಠಿಯಲ್ಲಿ ಮಾಡುತ್ತಿದ್ದಂತೆಯೇ ಸಾಲುಸಾಲಾಗಿ ಹುಡುಕಿದಳು. “ಇಲ್ಲ ಮೇಡಮ್. ಒಂದೂ ಇಲ್ಲ,” ಎಂದಳು. ಹಾಗಾದರೆ ಇದು ಗಂಟು ರೋಗವಲ್ಲ, ನೀವು ಏನನ್ನೂ ಬಿಟ್ಟಿಲ್ಲ ರತ್ನಮ್ಮ, ಅವತ್ತು ನಿಮ್ಮ ಚಿಟ್ಟೆಗಳಲ್ಲಿ ಆ ರೋಗ ಇರಲಿಲ್ಲ ಎಂದೆ. ಅವಳು ಸೂಕ್ಷ್ಮದರ್ಶಕದಿಂದ ಮುಖ ಎತ್ತಲೇ ಇಲ್ಲ. ಗಾಜನ್ನು ಮತ್ತೆ ಮೊದಲ ಮೂಲೆಗೆ ಸರಿಸಿದಳು.

ಕಂಬಳಿಹುಳುವಿನ ಹೊಟ್ಟೆಯಲ್ಲೂ ಅದೇ ಬೀಜಾಣುಗಳಿದ್ದವು, ಅವೂ ಬೆಳಗಲಿಲ್ಲ. ಅಂದರೆ ರೋಗ ಬಂದದ್ದು ತೋಟದ ಸೊಪ್ಪಿನಿಂದ. ವರದಿ ನೋಡಿದ ಅಧಿಕಾರಿಗಳು ಉಳಿದ ಮನೆಗಳ ಹುಳುಗಳನ್ನು ಸುಡುವುದನ್ನು ತಡೆಹಿಡಿದರು. ಆ ಹುಳುಗಳು ಚಂದ್ರಿಕೆ ಎಂಬ ಬಿದಿರ ತಟ್ಟಿ ಹತ್ತಿ ಗೂಡು ಕಟ್ಟಿದವು. ಆದರೆ ಈ ಹೊಸ ಬೀಜಾಣು ಮೊಟ್ಟೆಯ ಮೂಲಕ ದಾಟುವುದಿಲ್ಲ ಎಂದು ತೋರಿಸುವ ಕೆಲಸ ಬಾಕಿ ಇತ್ತು. ಅದಕ್ಕೆ ಹುಳುಗಳಿಗೆ ಹದವಾಗಿ ರೋಗ ತಗುಲಿಸಿ, ಚಿಟ್ಟೆಯಾಗಿಸಿ, ಅವುಗಳ ಮರಿಗಳನ್ನು ಸಾಕಿ ನೋಡಬೇಕು. ಒಂದು ಸಲವಲ್ಲ, ಬೇಸಿಗೆ, ಮಳೆ, ಚಳಿ ಮೂರರಲ್ಲೂ.

ಸಾಕಲು ಜಾಗ ಸಿಕ್ಕಿದ್ದು ಹಿಂದೂಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಯೋಜನೆಯ ತಾತ್ಕಾಲಿಕ ಸಹಾಯಕಿಯಾಗಿ ರತ್ನಮ್ಮ ಆ ಕೋಣೆಯನ್ನು ವಹಿಸಿಕೊಂಡಳು. ನಾನು ತಿಂಗಳಿಗೆರಡು ಸಲ ಬರುತ್ತಿದ್ದೆ, ಅಷ್ಟೇ. ಸೊಪ್ಪು ಕತ್ತರಿಸಿ ಹಾಕುವುದು, ಹಿಕ್ಕೆ ತೆಗೆಯುವುದು, ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತ ಹುಳುಗಳನ್ನು ಅಲುಗಿಸದೆ ಕಾಯುವುದು, ಪ್ರತಿ ಚಿಟ್ಟೆಯನ್ನೂ ಪರೀಕ್ಷಿಸುವುದು ಎಲ್ಲ ಅವಳದೇ. ಹುಳುವಿನ ವಾಸನೆಗೆ ಅಮ್ಮ ಗೊಣಗುತ್ತಾಳೆಂದುಕೊಂಡಿದ್ದೆ. ಒಮ್ಮೆ ನಾನು ಊರಿಗೆ ಬಂದವಳೇ ಫಲಿತಾಂಶ ಕೇಳುತ್ತ ರತ್ನಮ್ಮನನ್ನು ನಿಲ್ಲಿಸಿಕೊಂಡಾಗ ಅಮ್ಮ ಅಡುಗೆಮನೆಯಿಂದ ಬಂದು, “ನಿನ್ನ ಪ್ರಶ್ನೆ ಆಮೇಲಿರ್ಲಿ ಕಣೇ. ಬೆಳಿಗ್ಗೆಯಿಂದ ಹುಳಕ್ಕೆ ಉಣ್ಸಿ ಉಣ್ಸಿ ಅವ್ಳು ಒಂದು ತುತ್ತು ಉಂಡಿಲ್ಲ,” ಎಂದು ಅವಳ ಕೈ ಹಿಡಿದು ಒಳಗೆ ಕರೆದೊಯ್ದಳು. ಆಮೇಲೆ ರತ್ನಮ್ಮ ನನ್ನನ್ನು ಮೇಡಮ್ ಎನ್ನುವುದು ಬಿಟ್ಟು ಅಕ್ಕಾ ಎನ್ನತೊಡಗಿದಳು.

ಮೂರು ಋತುವಿನಲ್ಲೂ ಮರಿಗಳು ಶುದ್ಧವಾಗಿದ್ದವು. ಕೋಠಿಯ ಯಜಮಾನರು ತಾವಾಗಿಯೇ ಬಂದು ಅವಳನ್ನು ಕೆಲಸಕ್ಕೆ ಕರೆದರು.

ಲೇಖನ ಬರೆಯುವಾಗ ಯಾರ ಹೆಸರು ಮೊದಲು ಎಂಬ ಪ್ರಶ್ನೆ ಬಂತು. ಸಂಸ್ಥೆಯ ಹಿರಿಯರು, ಆಕೆಗೆ ಕೊನೆಯಲ್ಲಿ ಕೃತಜ್ಞತೆ ಹೇಳಿದರೆ ಸಾಕು ಎಂದರು. ಆಂಟಿಬಾಡಿ ನನ್ನದು, ಬರವಣಿಗೆ ನನ್ನದು, ನಿಜ. ಆದರೆ ಆ ಲೇಖನ ನಿಂತದ್ದು ಮೂರು ಋತುವಿನ ಸಾಕಣೆಯ ಮೇಲೆ. ರತ್ನಮ್ಮನ ಹೆಸರು ಮೊದಲು, ನನ್ನದು ಆಮೇಲೆ ಹಾಕಿ ಕಳಿಸಿದೆ. ೧೯೮೬ರಲ್ಲಿ ಅಚ್ಚಾಯಿತು.

ಅದರ ಪರಿಣಾಮ ನನಗೆ ತಿಳಿದದ್ದು ಐದು ವರ್ಷಗಳ ನಂತರ, ಬಡ್ತಿಯ ಸಂದರ್ಶನದಲ್ಲಿ. ಒಬ್ಬ ವಿಜ್ಞಾನಿಯ ಲೇಖನವನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದೇ ಸೈಟೇಷನ್. ಅದನ್ನು ತೋರಿಸುವ ದಪ್ಪ ದಪ್ಪ ಸಂಪುಟಗಳು ಗ್ರಂಥಾಲಯಕ್ಕೆ ಬರುತ್ತಿದ್ದವು, ಮತ್ತು ಅವುಗಳಲ್ಲಿ ಉಲ್ಲೇಖಗಳು ಮೊದಲ ಲೇಖಕರ ಹೆಸರಿನಡಿ ಮಾತ್ರ ಇರುತ್ತಿದ್ದವು; ಉಳಿದವರೆಲ್ಲ ಬರೀ ‘ಇತರರು’. ನನ್ನ ಕೆಲಸಗಳಲ್ಲೆಲ್ಲ ಹೆಚ್ಚು ಉಲ್ಲೇಖ ಪಡೆದದ್ದು ಆ ಹಿಂದೂಪುರದ ಲೇಖನವೇ. ಜಪಾನಿನಿಂದ ಇಟಲಿಯವರೆಗೆ ರೇಷ್ಮೆಯ ಕೆಲಸ ಮಾಡುವವರು ಅದನ್ನು ಬಳಸಿದ್ದರು. ಸಮಿತಿಯ ಸದಸ್ಯರೊಬ್ಬರು ಪುಟ ತಿರುವಿ, ನಿಮ್ಮ ಹೆಸರಿನಡಿ ಹೆಚ್ಚೇನೂ ಇಲ್ಲವಲ್ಲ ಎಂದರು. ವಿವರಿಸಿದೆ. ಅವರು ಸೌಜನ್ಯದಿಂದಲೇ ಕೇಳಿಕೊಂಡರು. ಆ ಸಲ ಬಡ್ತಿ ಬರಲಿಲ್ಲ. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಜೊತೆಗೆ ಸೇರಿದವರು ಪ್ರಾಧ್ಯಾಪಕರಾದರು. ನಾನು ಇನ್ನೂ ಕೆಲವು ವರ್ಷ ಕಾದೆ.

೧೯೯೪ರಲ್ಲಿ ಜಪಾನಿನ ವಯಸ್ಸಾದ ವಿಜ್ಞಾನಿಯೊಬ್ಬರು ನಮ್ಮ ಸಂಸ್ಥೆಗೆ ಬಂದರು. ಉಪನ್ಯಾಸ ಮುಗಿಸಿ ಅವರು ಕೇಳಿದ ಮೊದಲ ಮಾತು, ಡಾಕ್ಟರ್ ರತ್ನಮ್ಮನವರನ್ನು ನೋಡಬಹುದೇ ಎಂದು. ಅವರ ವಿದ್ಯಾರ್ಥಿಗಳೆಲ್ಲ ಅವಳ ಹೆಸರನ್ನು ಬಲ್ಲರಂತೆ. ಆಕೆ ಡಾಕ್ಟರ್ ಅಲ್ಲ ಎಂದು ಹೇಳಿ, ಮರುದಿನ ಕಾರು ಮಾಡಿಕೊಂಡು ಅವರೊಂದಿಗೆ ಹೊರಟೆ. ಮದುವೆಯಾಗಿ ಕಲ್ಯಾಣದುರ್ಗಕ್ಕೆ ಹೋಗಿದ್ದ ರತ್ನಮ್ಮ ಅಲ್ಲಿ ಚಾಕಿ ಕೇಂದ್ರ ನಡೆಸುತ್ತಿದ್ದಳು. ಮರಿಹುಳುಗಳನ್ನು ಎರಡನೇ ಜ್ವರದವರೆಗೆ ಸಾಕಿ ಊರವರಿಗೆ ಕೊಡುವ ಕೆಲಸ ಅದು.

ಜಪಾನಿನ ವಿಜ್ಞಾನಿ ಬಾಗಿಲಲ್ಲಿ ಶೂ ಕಳಚಿ, ಕೈಕಾಲು ತೊಳೆದು ಒಳಗೆ ಬಂದು, ಸೊಂಟದವರೆಗೆ ಬಾಗಿ ನಮಸ್ಕರಿಸಿದರು. ರತ್ನಮ್ಮ ಗಾಬರಿಯಾಗಿ ತಾನೂ ಬಾಗಿದಳು. ಇಬ್ಬರೂ ತಟ್ಟೆಗಳ ನಡುವೆ ತಿರುಗಾಡಿದರು. ಮಾತು ಕಡಿಮೆ, ಹುಳು ತೋರಿಸಿದರೆ ಸಾಕಾಗುತ್ತಿತ್ತು. ಅವರು ತೋಟ ನೋಡಲು ಹೊರಗೆ ಹೋದಾಗ ಅವಳು ನನ್ನನ್ನು ಕೇಳಿದಳು: “ಅಷ್ಟು ದೂರದೋರು ನನ್ನ ಹೆಸ್ರು ಯಾಕಕ್ಕಾ ಬರೀತಾರೆ?”

ನೀವು ಹೇಳಿದ್ದನ್ನು ನಂಬಿ, ಅದರ ಮೇಲೆ ತಮ್ಮ ಕೆಲಸ ಕಟ್ಟುತ್ತಾರೆ, ಹಾಗೆ ಕಟ್ಟಿದಾಗ ಯಾರ ಮಾತು ನಂಬಿದೆವು ಎಂದು ಹೆಸರು ಬರೆಯಬೇಕು, ಅದು ನಮ್ಮ ಕಸುಬಿನ ಪದ್ಧತಿ ಎಂದೆ.

ಸೊಪ್ಪು ಕತ್ತರಿಸುತ್ತಿದ್ದ ಕೈ ನಿಂತಿತು. “ಅವತ್ತು ಕೋಠಿ ಜಗಲಿ ಮೇಲೆ ನನ್ನ ಮಾತು ನಾನೇ ನಂಬ್ತಿರ್ಲಿಲ್ಲ,” ಎಂದಳು. “ಈಗ ಇಷ್ಟು ಜನ ನಂಬವ್ರೆ ಅಂತಾಯ್ತು.”

ಸೈಟೇಷನ್ ಎಂಬುದಕ್ಕೆ ಇದಕ್ಕಿಂತ ಸರಿಯಾದ ವ್ಯಾಖ್ಯೆಯನ್ನು ನಾನು ಯಾವ ಸಮಿತಿಯಲ್ಲೂ ಕೇಳಲಿಲ್ಲ. ನಾವು ಅದನ್ನು ಕೀರ್ತಿಯ ಅಳತೆ ಎಂದುಕೊಂಡೆವು. ಅದು ನಂಬಿಕೆಯ ಅಳತೆ. ಎಲ್ಲೋ ದೂರದಲ್ಲಿ, ನಮ್ಮ ಮುಖ ನೋಡದ ಒಬ್ಬರು, ನಾವು ಕಂಡದ್ದನ್ನು ಮತ್ತೆ ಪರೀಕ್ಷಿಸುವ ಅಗತ್ಯವಿಲ್ಲವೆಂದು ಮುಂದಿನ ಹೆಜ್ಜೆ ಇಡುತ್ತಾರೆ. ಆ ಹೆಜ್ಜೆ ಜಾರಬಾರದು, ಅಷ್ಟೇ ನಮ್ಮ ಹೊಣೆ. ನಿವೃತ್ತಿಯಾಗುವವರೆಗೆ ನನ್ನ ವಿದ್ಯಾರ್ಥಿಗಳಿಗೆ ನಾನು ಕಲಿಸಲು ಯತ್ನಿಸಿದ್ದು ಇದನ್ನೇ.