ನಮ್ಮತ್ತೆ ಉಗುರೂರಿ ನೋಡಿದ ಟಯರು

ನಮ್ಮತ್ತೆಯ ಖಾಕಿ ಕೋಟನ್ನು ಒಗೆಯಲು ಹಾಕುವ ಮುಂಚೆ ಜೇಬು ತಡಕಲೇಬೇಕು. ಇಲ್ಲದಿದ್ದರೆ ಸೀಮೆಸುಣ್ಣದ ತುಂಡು ಕರಗಿ ಇಡೀ ಬಕೆಟ್ಟು ಬೆಳ್ಳಗಾಗುತ್ತದೆ. ಮದುವೆಯಾಗಿ ಬಂದ ಮೊದಲನೇ ವಾರವೇ ನನ್ನ ಎರಡು ಕಪ್ಪು ಬಟ್ಟೆ ಹೀಗೆ ಬೂದಿ ಬಣ್ಣಕ್ಕೆ ತಿರುಗಿದವು. ಈಚೆಗೊಮ್ಮೆ, ರಿಟೈರ್ ಆಗಿ ಏಳು ವರ್ಷವಾಯಿತಲ್ಲ ಅತ್ತೆ, ಇನ್ನೂ ಸೀಮೆಸುಣ್ಣ ಯಾಕೆ ಅಂತ ಕೇಳಿದೆ. "ಬೇಕಾಗುತ್ತೆ" ಅಂದರು. ಅಷ್ಟೇ. ಅವರ ಬಾಯಿಂದ ಎರಡನೇ ಮಾತು ಹೊರಡಿಸಬೇಕಾದರೆ ಟಯರಿನ ವಿಷಯ ಎತ್ತಬೇಕು. ಎತ್ತಿದರೋ, ಆ ದಿನ ಅಡುಗೆಗೆ ಹೊತ್ತಾದಂತೆಯೇ.

ಬಸ್ ಡಿಪೋದ ಟಯರ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದವರು ಅವರು. ಸೇರಿದ್ದು ಕಸ ಗುಡಿಸುವ ಕೆಲಸಕ್ಕೆ. ಟಯರ್ ರಾಶಿಯ ಸುತ್ತ ಗುಡಿಸುತ್ತಾ ಗುಡಿಸುತ್ತಾ ಯಾವ ಟಯರು ಯಾಕೆ ಸತ್ತಿತು ಅಂತ ನೋಡಿ ನೋಡಿ ಕಲಿತರು. ಮೊದಮೊದಲು ಮೆಕ್ಯಾನಿಕ್ಕುಗಳು ನಕ್ಕರಂತೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದೇ ಮೆಕ್ಯಾನಿಕ್ಕುಗಳು ಒಂದು ಟಯರ್ ಕೈಗೆತ್ತಿಕೊಂಡರೆ, "ಟಯರಮ್ಮ, ಒಂಚೂರು ಬಂದು ನೋಡಿ" ಅಂತ ಕರೆಯುವ ಹಾಗಾಯಿತು. ಆ ಹೆಸರೇ ನಿಂತುಬಿಟ್ಟಿತು. ಬೆಳಗ್ಗೆ ಬಸ್ಸುಗಳು ಸಾಲಾಗಿ ಹೊರಡುವಾಗ ಇವರು ಗೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚಕ್ರ ನೋಡೋರು. ಸರಿಯಿದ್ದರೆ ಸೀಮೆಸುಣ್ಣದಲ್ಲೊಂದು ಗೀಟು. ಇಲ್ಲದಿದ್ದರೆ ಅಡ್ಡಗೀಟು. ಅಡ್ಡಗೀಟು ಬಿದ್ದ ಟಯರನ್ನು ಬಿಚ್ಚಿ, ಪಕ್ಕ ಕೊಯ್ದು, ರಾಶಿಗೆ ಎಸೆಯಬೇಕು. ಕೊಯ್ಯದೆ ಬಿಟ್ಟರೆ ಇನ್ಯಾರೋ ಎತ್ತಿಕೊಂಡು ಹೋಗಿ ಇನ್ನೊಂದು ಗಾಡಿಗೆ ಹಾಕುತ್ತಾರೆ ಅನ್ನೋದು ಅವರ ಲೆಕ್ಕಾಚಾರ.

ಒಮ್ಮೆ ಅಡ್ಡಗೀಟು ಬಿದ್ದ ಬಸ್ಸನ್ನು ಹಾಗೇ ಬಿಡಿ ಅಂತ ಮೇಲಿನವರು ಹುಕುಂ ಮಾಡಿದರಂತೆ. ಬಸ್ಸಿನ ತುಂಬ ಜನ, ಹೊತ್ತಾಗಿತ್ತು. ಅತ್ತೆ ವಾದಕ್ಕಿಳಿಯಲಿಲ್ಲ. ಮುಂದಿನ ಚಕ್ರದ ಎದುರು ನೆಲದ ಮೇಲೆ ಕೂತು, ಊಟದ ಡಬ್ಬಿ ಬಿಚ್ಚಿ, ಊಟ ಶುರು ಮಾಡಿದರು. ಡ್ರೈವರ್ ಹಾರ್ನ್ ಹೊಡೆದ, ಜನ ಬಾಯಿಗೆ ಬಂದದ್ದು ಬೈದರು, ಇವರು ಜಗ್ಗಲಿಲ್ಲ ಬಗ್ಗಲಿಲ್ಲ. ಕೊನೆಗೆ ಟಯರ್ ಬದಲಾಯಿಸಿದ ಮೇಲೇ ಎದ್ದು ಕೈ ತೊಳೆದರು. "ಆಮೇಲೆ ಏನಾಯ್ತು ಅತ್ತೆ?" ಅಂತ ಕೇಳಿದ್ದೆ. "ಏನೂ ಆಗಲಿಲ್ಲ. ಬಸ್ಸು ಹೋಯ್ತು, ಸಂಜೆ ಬಂತು" ಅಂದರು. ಕಥೆ ಇಷ್ಟೇನಾ ಅಂತ ಆಗ ನನಗೆ ನಿರಾಸೆಯಾಗಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಈಗಲೂ ಆ ಚಟ ಬಿಟ್ಟಿಲ್ಲ. ಆಸ್ಪತ್ರೆಗೆ ಹೋದರೆ ಡಾಕ್ಟರ ಮುಖ ನೋಡುವ ಮುಂಚೆ ಪಾರ್ಕಿಂಗಿನಲ್ಲಿ ಒಂದು ಸುತ್ತು. ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ ಬಿಟ್ಟಿದ್ದಾರೆ. ಅದನ್ನು ರಬ್ಬರಿಗೆ ಊರಿ ನೋಡುತ್ತಾರೆ. ಜೀವ ಇರುವ ರಬ್ಬರು ಉಗುರನ್ನು ಒಳಗೆ ಬಿಟ್ಟುಕೊಂಡು, ತೆಗೆದ ಮೇಲೆ ಗುರುತು ಮುಚ್ಚಿಕೊಳ್ಳುತ್ತದಂತೆ. ಸತ್ತದ್ದು ಹಳೇ ಚಪ್ಪಲಿಯ ಅಟ್ಟೆ ಥರ, ಒಳಗೇ ಬಿಡುವುದಿಲ್ಲ. ಹಾಗೆ ಸತ್ತದ್ದು ಸಿಕ್ಕಿದರೆ ಯಾರದೋ ಗೊತ್ತಿಲ್ಲದವರ ಬೈಕಿನ ಸೀಟಿಗೆ ಚೀಟಿ ಸಿಕ್ಕಿಸಿ ಬರುತ್ತಾರೆ: "ನಿಮ್ಮ ಹಿಂದಿನ ಟಯರಿಗೆ ಒಂಬತ್ತು ವರ್ಷ. ದಯವಿಟ್ಟು ಬದಲಾಯಿಸಿ." ನಾನು ನಾಚಿಕೆಯಿಂದ ನೆಲ ಕೆರೆಯುತ್ತಾ ನಿಂತಿರುತ್ತೇನೆ.

ಇಂಥವರ ಮುಂದೆ ನನ್ನಣ್ಣ ಬೈಕ್ ತಂದು ನಿಲ್ಲಿಸಿದ.

ನನ್ನ ಕೆಲಸ ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತರುವುದು. ಬಸ್ಸು ನಂಬಿಕೊಂಡರೆ ಮೂರು ಮನೆ, ಸ್ವಂತ ಗಾಡಿಯಿದ್ದರೆ ಎಂಟು ಮನೆ. ಅದಕ್ಕೆ ಅಪ್ಪನ ಬೈಕನ್ನು ಅಣ್ಣನಿಂದ ಕೊಳ್ಳುವುದು ಅಂತ ಮಾತಾಗಿತ್ತು. ಅಪ್ಪ ಅದನ್ನು ಕೊಂಡು ಹನ್ನೆರಡು ವರ್ಷ. ಕೊಂಡ ಮರುವರ್ಷವೇ ಅಪ್ಪ ಹೋದರು. ಅವತ್ತಿನಿಂದ ಗಾಡಿ ಶೆಡ್ಡಿನಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಓಡಿದ್ದು ಬರೀ ಏಳು ಸಾವಿರ ಕಿಲೋಮೀಟರು. ಅಣ್ಣ ವಾರಕ್ಕೊಮ್ಮೆ ಒರೆಸಿ, ಸ್ಟಾರ್ಟ್ ಮಾಡಿ, ಮತ್ತೆ ಹೊದಿಸುತ್ತಿದ್ದ. ನಾನು ಗೇರ್ ಹಾಕಲು ಕಲಿತದ್ದೂ ಅದರ ಮೇಲೇ. ಆ ಭಾನುವಾರ ಅಣ್ಣ ಒಂಬತ್ತು ವರ್ಷದ ಮಗಳನ್ನು ಹಿಂದೆ ಕೂರಿಸಿಕೊಂಡು ನಮ್ಮ ಅಂಗಳಕ್ಕೆ ಬಂದಾಗ, ಗಾಡಿಯ ಹೊಳಪು ನೋಡಿ ನನ್ನ ಕಣ್ಣಲ್ಲಿ ನೀರೇ ಬಂತು. ಟಯರಿಗೂ ಪಾಲಿಶ್ ಹಚ್ಚಿದ್ದ ಪುಣ್ಯಾತ್ಮ.

ಅತ್ತೆ ಬಂದವರೇ ಮುಂದಿನ ಚಕ್ರದ ಹತ್ತಿರ ಕುಕ್ಕರಿಸಿ ಉಗುರೂರಿದರು.

"ಬೈಕ್ ಚೆನ್ನಾಗಿದೆ. ಟಯರ್ ಎರಡೂ ತೆಗೀಬೇಕು" ಅಂದರು.

ಅಣ್ಣ ನಕ್ಕ. "ಬೀಗರೇ, ಟಯರಿನ ಗ್ರಿಪ್ ನೋಡಿ ಹೇಗಿದೆ. ಒಂದು ಗೆರೆಯೂ ಸವೆದಿಲ್ಲ."

"ಸವೆದಿಲ್ಲ ಸರಿ. ಒಣಗಿದೆ. ನಿಂತ ಕಡೆಯೇ ವಯಸ್ಸಾಗುತ್ತೆ ಇದಕ್ಕೆ. ಒಂದು ಬಟ್ಟೆ ಕೊಡಪ್ಪಾ, ಈ ಪಾಲಿಶ್ ಒರೆಸಿ ಇಸವಿ ತೋರಿಸ್ತೀನಿ."

"ಬೇಡ ಬಿಡಿ" ಅಂದ ಅಣ್ಣ. ನಗು ಹೋಗಿತ್ತು. "ಅಪ್ಪನ ಗಾಡಿ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೀನಿ. ಸ್ವಂತ ತಂಗಿಗೆ ಕೊಳೆತಿದ್ದು ಕೊಡ್ತೀನಾ ನಾನು?"

"ನೀನು ಕೊಡ್ತೀಯ ಅಂತ ನಾನೆಲ್ಲಿ ಅಂದೆ? ಟಯರ್ ಮಾತಾಡ್ತಿದ್ದೀನಿ."

"ನಿಮಗೆ ಬೇಡವಾದರೆ ಬೇಡ. ನಾಳೆಯಿಂದ ನಾನೇ ಓಡಿಸ್ತೀನಿ. ದಿನಾ ಇವಳನ್ನ ಇದರಲ್ಲೇ ಸ್ಕೂಲಿಗೆ ಬಿಡ್ತೀನಿ. ಏನಾಗುತ್ತೋ ನೋಡೋಣ" ಅಂದವನೇ ಮಗಳನ್ನು ಎತ್ತಿ ಕೂರಿಸಿ, ಒಂದು ಲೋಟ ನೀರೂ ಕುಡಿಯದೆ ಹೊರಟುಹೋದ. ಅವನ ಮನೆಗೂ ಸ್ಕೂಲಿಗೂ ನಡುವೆ ಲಾರಿಗಳು ಓಡಾಡುವ ಹೆದ್ದಾರಿ. ಅತ್ತೆ ಗೇಟಿನಲ್ಲೇ ನಿಂತು, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಹಿಂದಿನ ಚಕ್ರವನ್ನೇ ನೋಡುತ್ತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳು ಯಾಕೆ ಹೇಳಲಿ, ಅವತ್ತು ನಾನು ಆಡಿದ ಮಾತು ಸಣ್ಣದಲ್ಲ. "ನನ್ನ ತವರಿಂದ ಏನು ಬಂದರೂ ನಿಮಗೆ ಹುಳುಕೇ ಕಾಣೋದು. ನಮ್ಮಪ್ಪನ ನೆನಪಿಗಿದ್ದದ್ದು ಅದೊಂದು. ಅದಕ್ಕೂ ಅಡ್ಡಗೀಟು ಹಾಕಿದಿರಲ್ಲ" ಅಂದೆ. ನನ್ನ ಗಂಡ ಪೇಪರ್ ಇನ್ನಷ್ಟು ಮೇಲೆತ್ತಿ ಅದರ ಹಿಂದೆ ಪೂರ್ತಿ ಮಾಯವಾದರು. ಅವರು ಯಾವಾಗಲೂ ಅಷ್ಟೇ.

ಅತ್ತೆ ಕೋಟು ಹಾಕಿಕೊಂಡು ಹೊರಗೆ ಹೋದರು. ಸಂಜೆ ಬಂದಾಗ ಎರಡೂ ತೋಳಿಗೆ ಒಂದೊಂದು ಹೊಸ ಟಯರು ನೇತುಹಾಕಿಕೊಂಡಿದ್ದರು. ಅಂಗಡಿಯವನು ಹೊರಗೆ ತೆಗೆದಿಟ್ಟ ನಾಲ್ಕನ್ನು ಇವರು ಒಪ್ಪಲಿಲ್ಲವಂತೆ. ಅಂಗಡಿಯಲ್ಲೇ ಮೂರು ವರ್ಷ ಕೂತದ್ದನ್ನು ಹೊಸದು ಅಂತ ಹೇಗೆ ಕೊಡ್ತೀಯ ಅಂತ ಅವನ ತಲೆ ತಿಂದು, ಅಟ್ಟ ಹತ್ತಿಸಿ, ಎರಡು ತಿಂಗಳ ಹಿಂದಿನ ಜೋಡಿ ಇಳಿಸಿಕೊಂಡು ಬಂದಿದ್ದರು.

"ಯಾರಿಗೆ ಇವು? ಗಾಡಿಯೇ ಬೇಡ ಅಂತ ಕಳಿಸಿಬಿಟ್ಟಿರಲ್ಲ" ಅಂದೆ, ಮುಖ ಊದಿಸಿಕೊಂಡೇ.

"ನೀನು ಅದರ ಮೇಲೆ ಕೂರಲ್ಲ. ನಿನ್ನ ಚಿಂತೆ ಇಲ್ಲ ನನಗೆ" ಅಂದರು. "ಆ ಮಗು ಕೂತ್ಕೊಂಡು ಹೋಯ್ತಲ್ಲ."

ನನ್ನ ಸಿಟ್ಟಿನಲ್ಲಿ ಅಣ್ಣನ ಮಾನ ಇತ್ತು, ಅಪ್ಪನ ನೆನಪಿತ್ತು, ನನ್ನ ಎಂಟು ಮನೆಯ ಕೆಲಸವಿತ್ತು. ಹಿಂದಿನ ಸೀಟಿನಲ್ಲಿ ಕೂತಿದ್ದ ಹುಡುಗಿ ಮಾತ್ರ ನನಗೆ ನೆನಪೇ ಆಗಿರಲಿಲ್ಲ. ಅತ್ತೆಗೆ ಮಧ್ಯಾಹ್ನದಿಂದ ನೆನಪಿದ್ದದ್ದು ಅದೊಂದೇ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟೆವು. ಅತ್ತೆ ಒಬ್ಬರೇ ಹೋಗುವವರಿದ್ದರು, ನಾನೇ ಒಂದು ಟಯರ್ ಕಿತ್ತುಕೊಂಡು ತೋಳಿಗೆ ಹಾಕಿಕೊಂಡೆ. ಅತ್ತೆಯ ಕೈಯಲ್ಲಿ ಹಳೇ ಹಿಟ್ಟಿನ ಚೀಲ, ಅದರಲ್ಲಿ ಟಯರ್ ಎಬ್ಬಿಸುವ ಎರಡು ಕಬ್ಬಿಣದ ಪಟ್ಟಿ, ಸ್ಪ್ಯಾನರು, ಗಾಳಿ ಹೊಡೆಯುವ ಕೈಪಂಪು, ಬಟ್ಟೆಯಲ್ಲಿ ಸುತ್ತಿದ ಚಾಕು. "ಟಯರಮ್ಮ, ಬಸ್ಸಿಗೆ ಹಾಕೋಕೆ ಇವು ಚಿಕ್ಕದಾಯ್ತಲ್ಲ" ಅಂತ ಕಂಡಕ್ಟರ್ ತಮಾಷೆ ಮಾಡಿದ. ಅತ್ತೆ ನಗಲಿಲ್ಲ. ದಾರಿಯುದ್ದಕ್ಕೂ ಕಿಟಕಿಯಿಂದ ಎದುರಿನ ರಸ್ತೆ ನೋಡುತ್ತಿದ್ದರು. ಎದುರಿಗೆ ಬೈಕ್ ಬಂದಾಗಲೆಲ್ಲ ಸೀಟಿನಿಂದ ಸ್ವಲ್ಪ ಏಳೋರು. ನಾನೂ ಏಳತೊಡಗಿದೆ. ತಡವಾಯಿತೇನೋ ಅಂತ ನನಗೂ ಅನ್ನಿಸುತ್ತಿತ್ತು.

ತಡವಾಗಿರಲಿಲ್ಲ, ಆದರೆ ಹೆಚ್ಚು ಹೊತ್ತೂ ಉಳಿದಿರಲಿಲ್ಲ. ಅಣ್ಣನ ಮನೆಯ ಗೇಟು ತೆರೆದಿತ್ತು, ಗಾಡಿ ಸ್ಟಾರ್ಟ್ ಆಗಿತ್ತು, ಹುಡುಗಿ ಸ್ಕೂಲ್ ಬ್ಯಾಗು ಹೊತ್ತು ಹಿಂದೆ ಕೂತಿದ್ದಳು. ಅತ್ತೆ ಸೀದಾ ಹೋಗಿ ಮುಂದಿನ ಚಕ್ರವನ್ನು ಎರಡು ಮಂಡಿಗಳ ನಡುವೆ ಹಿಡಿದು ನಿಂತರು.

"ಬೀಗರೇ, ದಾರಿ ಬಿಡಿ, ಸ್ಕೂಲಿಗೆ ಹೊತ್ತಾಗುತ್ತೆ" ಅಂದ ಅಣ್ಣ. ನನ್ನ ಕಡೆ ತಿರುಗಿ, "ಏನೇ ಇದು?" ಅಂದ.

"ಇಳಿಯಣ್ಣ" ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು.

ಅಣ್ಣ ಇಳಿಯಲಿಲ್ಲ. ಅತ್ತೆ ಅವನ ಜೊತೆ ಮಾತಿಗೇ ಹೋಗಲಿಲ್ಲ. ಕೋಟಿನ ಅಂಚಿನಿಂದ ಟಯರಿನ ಪಕ್ಕ ಗಸಗಸ ಉಜ್ಜಿ, ಪಾಲಿಶ್ ಹೋದ ಜಾಗಕ್ಕೆ ಸೀಮೆಸುಣ್ಣ ಸವರಿದರು. ಉಬ್ಬಿದ ಅಂಕೆಗಳು ಬೆಳ್ಳಗೆ ಎದ್ದು ನಿಂತವು. "ಮಗೂ, ಬಾ ಇಲ್ಲಿ. ನನಗೆ ಕನ್ನಡಕ ಇಲ್ಲ. ಈ ನಾಲ್ಕು ಅಂಕೆ ಓದಿ ಹೇಳು" ಅಂದರು. ಕನ್ನಡಕ ಅವರ ಜೇಬಿನಲ್ಲೇ ಇತ್ತು.

ಹುಡುಗಿ ಜಿಗಿದು ಬಂದು ಬಗ್ಗಿದಳು. "ಮೂರು, ಒಂದು, ಒಂದು, ಒಂದು."

"ಮೊದಲಿನ ಎರಡು, ವರ್ಷದ ಎಷ್ಟನೇ ವಾರ ಮಾಡಿದ್ದು ಅಂತ. ಆಮೇಲಿನ ಎರಡು ಇಸವಿ."

"ಮೂವತ್ತೊಂದನೇ ವಾರ. ಹನ್ನೊಂದನೇ ಇಸವಿ" ಅಂದಳು. ಆಮೇಲೆ ಬೆರಳು ಮಡಚಿ ಎಣಿಸಿದಳು. "ನಾನು ಹುಟ್ಟಿದ್ದು ಹದಿನಾಲ್ಕರಲ್ಲಿ. ಅಪ್ಪಾ, ಈ ಟಯರು ನನಗಿಂತ ಮೂರು ವರ್ಷ ದೊಡ್ಡದು."

ಅಣ್ಣ ಇಂಜಿನ್ ಆಫ್ ಮಾಡಿದ.

"ಗ್ರಿಪ್ ಸವೆದಿಲ್ಲವಲ್ಲ" ಅಂದ, ಆದರೆ ನಿನ್ನೆಯ ಜೋರು ಇರಲಿಲ್ಲ. ಅತ್ತೆ ಅವನನ್ನು ಒಮ್ಮೆ ನೋಡಿದರು. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಇಂಜಿನ್ನಿನ ಅಡಿಗೆ ಇಟ್ಟಿಗೆ ಕೊಟ್ಟು, ಮುಂದಿನ ಚಕ್ರ ಬಿಚ್ಚಿದರು. ಅರವತ್ತೇಳು ವರ್ಷದ ಹೆಂಗಸು ಹಿಮ್ಮಡಿಯಿಂದ ಟಯರ್ ಅಂಚನ್ನು ತುಳಿದು ರಿಮ್ಮಿನಿಂದ ಬಿಡಿಸುವುದನ್ನು ಅಣ್ಣ ಬಾಯಿಬಿಟ್ಟುಕೊಂಡು ನೋಡಿದ. ನಾನೂ ಅಷ್ಟೇ. ಹತ್ತು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅವರು ಕೆಲಸ ಮಾಡುವುದನ್ನು ನೋಡಿಯೇ ಇರಲಿಲ್ಲ. ಒಂದು ಪಟ್ಟಿ ಒಳಗೆ, ಇನ್ನೊಂದು ಪಟ್ಟಿ ನಾಲ್ಕು ಬೆರಳು ಆಚೆ, ಒಂದೇ ಒತ್ತು. ಎಲ್ಲೂ ಅವಸರವಿಲ್ಲ, ಒಂದು ಏದುಸಿರಿಲ್ಲ. ನನಗೆ ಹೆಮ್ಮೆ ಅನ್ನಿಸಿತು, ನಿನ್ನೆಯ ಮಾತಿಗೆ ನಾಚಿಕೆಯೂ ಆಯಿತು.

ಟಯರು ಹೊರಬಂದ ಮೇಲೆ ಚಾಕುವನ್ನು ಸಾಬೂನು ನೀರಲ್ಲಿ ಅದ್ದಿ, ಪಕ್ಕದಿಂದ ಗೇಣುದ್ದದ ತುಂಡು ಕೊಯ್ದು ಅಣ್ಣನ ಕೈಗಿಟ್ಟರು. "ಬಗ್ಗಿಸು" ಅಂದರು.

ಅಣ್ಣ ಬಗ್ಗಿಸಿದ. ಅಷ್ಟು ಹೊಳೆಯುತ್ತಿದ್ದ ರಬ್ಬರಿನ ಮೇಲೆ ಸಾಲುಸಾಲು ಬಿರುಕು ಬಾಯಿಬಿಟ್ಟವು. ಇನ್ನೊಂಚೂರು ಬಗ್ಗಿಸಿದಾಗ ಒಳಗಿನ ನೂಲು ಕಾಣಿಸಿತು. ಕರೀ ಪುಡಿ ಅವನ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಉದುರಿತು. ಒರೆಸಿಕೊಳ್ಳಲೂ ಅವನಿಗೆ ತೋಚಲಿಲ್ಲ.

ಹುಡುಗಿ ಅಪ್ಪನ ಕೈಯನ್ನು ಕೆಳಗೆಳೆದು ಅದನ್ನು ನೋಡಿದಳು. "ಅಪ್ಪಾ, ನಿನ್ನೆ ಹೈವೇಲಿ ಅಷ್ಟು ಜೋರಾಗಿ ಬಂದ್ವಲ್ಲ, ಇದರ ಮೇಲೇನಾ?"

ಅಣ್ಣ ಮೆಟ್ಟಿಲ ಮೇಲೆ ಕೂತುಬಿಟ್ಟ. ನಿನ್ನೆ ನಮ್ಮ ಗೇಟು ದಾಟಿದ ಮೇಲೆ ಅವನು ಯಾವ ಸಿಟ್ಟಿನಲ್ಲಿ ಗಾಡಿ ಬಿಟ್ಟಿರಬಹುದು ಅಂತ ನನಗೆ ಗೊತ್ತು, ಅವನು ನನ್ನ ಅಣ್ಣ. ಮಗಳನ್ನು ಹತ್ತಿರ ಎಳೆದುಕೊಂಡು, ಸ್ಕೂಲ್ ಬ್ಯಾಗಿನ ಸಮೇತ ತಬ್ಬಿಕೊಂಡ. ತುಂಬ ಹೊತ್ತು ಬಿಡಲಿಲ್ಲ. ಆಮೇಲೆ ತಲೆಯೆತ್ತಿ ನಮ್ಮತ್ತೆಯನ್ನು ನೋಡಿ, "ಅಮ್ಮಾ, ಹಿಂದಿನದೂ ಬಿಚ್ಚಿಬಿಡಿ" ಅಂದ.

ಅತ್ತೆ "ಹ್ಞೂಂ" ಅಂದು ಸ್ಪ್ಯಾನರ್ ಎತ್ತಿಕೊಂಡರು. ಅಣ್ಣ ಎದ್ದು ಹೋಗಿ ಪಕ್ಕದಲ್ಲಿ ಕುಕ್ಕರಿಸಿ, ಅವರು ಕೈ ಚಾಚಿದಾಗಲೆಲ್ಲ ಪಟ್ಟಿ ಕೊಡುತ್ತಾ ಕೂತ. ಹಳೆಯ ಎರಡನ್ನೂ ಅತ್ತೆ ನಾಲ್ಕು ಕಡೆ ಕೊಯ್ದರು. ಹುಡುಗಿ ಅವತ್ತು ಆಟೋದಲ್ಲಿ ಸ್ಕೂಲಿಗೆ ಹೋದಳು, ತಡವಾಗಿ.

ಎಲ್ಲಾ ಮುಗಿದ ಮೇಲೆ ಅಣ್ಣ ಕೀಲಿಯನ್ನು ನನಗೆ ಕೊಡಲಿಲ್ಲ, ಅತ್ತೆಗೆ ಕೊಟ್ಟ. ಅತ್ತೆ ನನಗೆ ಕೊಟ್ಟರು. "ಮೆಲ್ಲಗೆ ಹೋಗು. ಹೊಸ ಟಯರು ಮೊದಮೊದಲು ಜಾರುತ್ತೆ" ಅಂತ ಹೇಳಿ, ಸಾಮಾನಿನ ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ಹೆದ್ದಾರಿಗೆ ಸೇರುವ ಮುಂಚೆ ಗಾಡಿ ನಿಧಾನ ಮಾಡಿ, "ತಪ್ಪಾಯ್ತು ಅತ್ತೆ. ನಿನ್ನೆ ನಾನು ಹಾಗೆ ಅನ್ನಬಾರದಿತ್ತು" ಅಂದೆ. ಗಾಳಿಗೆ ಅವರಿಗೆ ಕೇಳಿಸಲಿಲ್ಲವೇನೋ ಅಂದುಕೊಂಡೆ.

ಎರಡು ಕಿಲೋಮೀಟರ್ ಕಳೆದ ಮೇಲೆ ನನ್ನ ಹೆಗಲ ಮೇಲೆ ಅವರ ಕೈ ಬಿತ್ತು. ಹೆಬ್ಬೆರಳ ಉಗುರು ಕುತ್ತಿಗೆಗೆ ತಾಗುತ್ತಿತ್ತು.

"ನಿನ್ನಣ್ಣ ನನ್ನನ್ನ ಅಮ್ಮಾ ಅಂದ. ಕೇಳಿಸ್ಕೊಂಡ್ಯಾ ನೀನು?" ಅಂದರು.

"ಕೇಳಿಸ್ತು ಅಮ್ಮಾ" ಅಂದೆ.

ಹೆಗಲ ಮೇಲಿನ ಕೈಯನ್ನು ಮನೆ ಬರುವವರೆಗೂ ಅವರು ತೆಗೆಯಲಿಲ್ಲ.