ಪಾಲಿನ ಕೋಳಿ

ನಾನೂ ನನ್ನ ಅಕ್ಕನೂ ಹತ್ತಿಕುಣಿ ಕಡೆಯ ಒಂದೇ ಊರಿಗೆ ಸೊಸೆಯರಾಗಿ ಬಂದವರು. ಇಬ್ಬರ ಮನೆಗಳ ನಡುವೆ ಒಂದು ಓಣಿ ಅಷ್ಟೇ. ನನ್ನ ಗಂಡ ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ರವಿವಾರಕ್ಕೊಮ್ಮೆ ಬರುತ್ತಿದ್ದರು. ನಾನು ದಿನಾ ಬಸ್ಸು ಹತ್ತಿ ಯಾದಗಿರಿಯ ಹೊಲಿಗೆ ಅಂಗಡಿಗೆ ಹೋಗುತ್ತಿದ್ದೆ. ಮನೆಯ ಕೀಲಿ ಅಕ್ಕನ ಹತ್ತಿರ ಇರುತ್ತಿತ್ತು. ಒಡಹುಟ್ಟಿದವಳಿಗೆ ಕೊಡದೆ ಇನ್ಯಾರಿಗೆ ಕೊಡಲಿ?

ಕೋಳಿ ಸಾಕುವ ಆಸೆ ನನ್ನದು, ಕೋಳಿ ಅಕ್ಕನದು. ನಮ್ಮಲ್ಲಿ ಕಾವಿಗೆ ಬಂದ ಕೋಳಿಯನ್ನು ಪಾಲಿಗೆ ಕೊಡುವುದುಂಟು. ತತ್ತಿ, ಕಾಳು, ಕಾವಲು ಎಲ್ಲ ಸಾಕುವವರದು. ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. ಮರಿ ಬಲಿತು, ತಾಯಿಯೇ ಅವನ್ನು ಕುಕ್ಕಿ ದೂರ ಮಾಡುವ ತನಕ ಕೋಳಿಯನ್ನು ವಾಪಸು ಕೇಳುವಂತಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಆ ಕೆಂಪು ಕೋಳಿ ನಮ್ಮ ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲಿ ಕೂತಿತು. ನಾನು ಹತ್ತಿರ ಸುಳಿದರೆ ಮೈ ಉಬ್ಬಿಸಿ ಬೈಯುತ್ತಿತ್ತು. ಗಂಡನಿಲ್ಲದ ಮನೆಯಲ್ಲಿ ಬೈಯಲಾದರೂ ಒಬ್ಬರು ಬಂದರಲ್ಲ ಎಂದು ನನಗೆ ಖುಷಿ. ಮರಿಗಳು ಹೊರಬಿದ್ದ ದಿನ ಅದರ ರೆಕ್ಕೆಯ ಸಂದಿಯಿಂದ ಒಂದೊಂದೇ ತಲೆ ಇಣುಕಿದವು. ಅಂಗಡಿಯಲ್ಲಿ ಕೂತರೂ ಮನಸ್ಸೆಲ್ಲ ಬುಟ್ಟಿಯಲ್ಲೇ. ಯಾರದೋ ರವಿಕೆಗೆ ತೋಳು ತಿರುವಿ ಹೊಲಿದು ಮಾಲಕಿಯಿಂದ ಬೈಸಿಕೊಂಡೆ.

ಮರುದಿನ ಸಂಜೆ ಬಸ್ಸಿಳಿಯುತ್ತಲೇ ಅಕ್ಕ ಎದುರಾದಳು.

"ಅಳಿಯ ಬಂದಾನ. ಹಂಗೇ ಮನಿಗಿ ಬಾ, ಉಂಡು ಹೋಗೀಯಂತ."

"ಮರಿ ನೋಡಿ ಬರ್ತೀನಿ ತಡಿ."

"ನಾ ಈಗರ ನೋಡಿ ಬಂದೀನಿ. ಆರಾಮ ಅವ."

ಹೋಗಿ ಕೂತೆ. ಬಿಸಿ ರೊಟ್ಟಿ, ಕೋಳಿ ಸಾರು. ಕಲೇಜಿಯ ತುಂಡನ್ನು ಅಳಿಯನಿಗೂ ಹಾಕದೆ ನನ್ನ ತಾಟಿಗೇ ಹಾಕಿದಳು. "ಎಲುಬೇ ಬಾಳ ಅವಲ್ಲ ಯಕ್ಕ" ಎಂದು ಕಾಲೆಳೆದೆ. "ಜವಾರಿ ಕೋಳಿ ಅಂದ್ರ ಹಂಗ ಇರ್ತದ" ಎಂದು ಇನ್ನೊಂದು ಸೌಟು ಬಡಿಸಿದಳು. ಹೊಟ್ಟೆ ಬಿರಿಯುವಂತೆ ಉಂಡು, ಕೀಲಿ ಇಸಿದುಕೊಂಡು ಮನೆಗೆ ಬಂದೆ.

ಬುಟ್ಟಿಯಲ್ಲಿ ಕೋಳಿ ಇರಲಿಲ್ಲ. ಮರಿಗಳು ಒಂದರ ಮೇಲೊಂದು ಬಿದ್ದು ಚೀರುತ್ತಿದ್ದವು. ಬೆಕ್ಕು ಹೊಕ್ಕಿರಬೇಕೆಂದು ಹುಡುಕಿದೆ. ಒಂದು ಪುಕ್ಕವಿಲ್ಲ, ಒಂದು ಹನಿ ರಕ್ತವಿಲ್ಲ. ಹಾಕಿದ ಕೀಲಿ ಹಾಕಿದಂತೆಯೇ ಇತ್ತು, ಅದನ್ನು ಈಗ ತಾನೇ ನಾನೇ ತೆಗೆದಿದ್ದೆ. ಆಗ ತಿಳಿಯಿತು. ಬಚ್ಚಲಿಗೆ ಓಡಿ ಉಂಡಿದ್ದನ್ನೆಲ್ಲ ಕಾರಿಕೊಂಡೆ.

ಕಾರಿದ ಬಾಯಲ್ಲೇ ಹೋಗಿ ಕೇಳಿದೆ.

"ಅಳಿಯ ಒಮ್ಮಿಂದೊಮ್ಮಿಗೇ ಬಂದ. ಉಳದ ಕೋಳಿ ತತ್ತಿ ಇಡಾಕತ್ತ್ಯಾವ. ಅದರ ಕೆಲಸ ಹ್ಯಾಂಗೂ ಮುಗದಿತ್ತು," ಎಂದಳು. "ನನ್ನ ಕೋಳಿ ನಾ ಕೊಯ್ದೀನಿ."

"ಕೊಯ್ದಿ, ಖರೆ. ನನಗ್ಯಾಕ ಉಣಿಸಿದಿ?"

"ನಿನ್ನ ಬಿಟ್ಟು ನಾ ಹ್ಯಾಂಗ ಉಣ್ಣಲಿ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನನ್ನ ಸಿಟ್ಟು ನೆತ್ತಿಗೇರಿತು. ವೈರಿ ಮಾಡಿದ್ದರೆ ಬೈದು ಹಗುರಾಗುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಮಳೆಗಾಲ. ಕೆರೆಯ ಮೇಲಿಂದ ತಂಪು ಗಾಳಿ ಬೀಸುತ್ತಿತ್ತು. ಅಂಗಡಿಗೆ ರಜೆ ಹಾಕಿ, ರಟ್ಟಿನ ಡಬ್ಬಿಗೆ ಹತ್ತಿ ತುಂಬಿ ಮರಿಗಳನ್ನು ಇಟ್ಟೆ. ಕರೆಂಟು ಇದ್ದಷ್ಟು ಹೊತ್ತು ಬಲ್ಬು, ಇಲ್ಲದಾಗ ನನ್ನ ಅಂಗೈ. ಎಷ್ಟು ಸೋಪು ಹಚ್ಚಿ ತೊಳೆದರೂ ಆ ಕೈಯಿಂದ ಸಾರಿನ ಮಸಾಲೆಯ ವಾಸನೆ ಹೋಗಲಿಲ್ಲ. ಅವಕ್ಕೇನು ಗೊತ್ತು, ಆ ಕೈಯೊಳಗೇ ಮುದುಡಿಕೊಂಡು ಕಣ್ಣು ಮುಚ್ಚುತ್ತಿದ್ದವು. ಓಣಿಯಲ್ಲಿ ಯಾವುದೇ ಕೋಳಿ ಕೊಕ್ಕೊಕ್ ಎಂದರೂ ತಾಯಿ ಬಂದಳೆಂದು ಡಬ್ಬಿಯ ಅಂಚಿಗೆ ಜಿಗಿಯುತ್ತಿದ್ದವು. ಕಣ್ಣು ತಪ್ಪಿಸಿ ಹೊರಗೆ ಓಡಿದ ಎರಡನ್ನು ಪಕ್ಕದ ಮನೆಯ ಕೋಳಿ ಕುಕ್ಕಿ ಕೊಂದಿತು. ಉಳಿದವು ಜೋಳದ ನುಚ್ಚು ಬಿಟ್ಟು, ನೀರು ಬಿಟ್ಟು, ಒಂದೊಂದೇ ತಣ್ಣಗಾದವು. ಕೊನೆಯದು ನನ್ನ ಸೀರೆಯ ಸೆರಗಿನೊಳಗೆ ಹೊಕ್ಕು ಅಲ್ಲೇ ಹೋಯಿತು. ಮಕ್ಕಳು ಸತ್ತಾಗ ಅಳುವ ಹಾಗೆ ಅತ್ತೆ, ನಗುವವರು ನಗಲಿ.

ಹಿತ್ತಲ ಬೇವಿನ ಬುಡದಲ್ಲಿ ಎಲ್ಲವನ್ನೂ ಹೂಳಿದೆ. ಸ್ವಲ್ಪ ದಿನಕ್ಕೆ ಅಕ್ಕ ಏನೂ ಆಗದವಳಂತೆ ಬಂದು ಬಾಗಿಲಲ್ಲಿ ನಿಂತಳು.

"ನನ್ನ ಪಾಲಿನ ಮರಿ ಕೊಡವಾ, ಒಯ್ತೀನಿ."

ಹಿತ್ತಲಿಗೆ ಕರೆದೊಯ್ದು ಬೇವಿನ ಬುಡ ತೋರಿಸಿದೆ.

"ಇಲ್ಲೇ ಅವ. ನಿನ್ನ ಪಾಲು ನೀನೇ ತಕ್ಕೊಂಡು ಹೋಗು."

ಮಣ್ಣು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡು ಹೋದಳು.

ಈಗಲೂ ಅವಳು ಊಟಕ್ಕೆ ಕರೆಯುತ್ತಾಳೆ. ಕೀಲಿಯೂ ಅವಳ ಹತ್ತಿರವೇ ಇರುತ್ತದೆ, ಇನ್ಯಾರಿದ್ದಾರೆ ನನಗೆ? ಕರೆದಾಗ ಹೋಗುತ್ತೇನೆ. ಆದರೆ ಮೊದಲು ಕೀಲಿ ಇಸಿದುಕೊಂಡು ನಮ್ಮ ಮನೆಗೆ ಹೋಗಿ, ಆ ಖಾಲಿ ಬುಟ್ಟಿಯನ್ನೊಮ್ಮೆ ಎತ್ತಿ ನೋಡಿ, ಆಮೇಲೆ ಹೋಗಿ ಅವಳ ಪಕ್ಕದಲ್ಲಿ ಊಟಕ್ಕೆ ಕೂಡುತ್ತೇನೆ.